ಫ್ಲೈಟ್ ಸಿಮ್ 2024: ಐವತ್ತು ಸಾವಿರದಲ್ಲಿ ಪ್ರೊಸೆಸರ್ ಬದಲಿಸ್ಲಾ, ಗ್ರಾಫಿಕ್ಸ್ ಕಾರ್ಡ್ ಬದಲಿಸ್ಲಾ?

ತುಮಕೂರು_ಟೇಕಾಫ್

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದದ ಪ್ರಶ್ನೆ, ಬೈಬೇಡಿ.

ನನ್ನ ಮಷಿನ್: ರೈಜೆನ್ 5 3600, ಬಿ450 ಬೋರ್ಡ್, 8+8 ಜಿಬಿ ಡಿಡಿಆರ್4 ರ್‍ಯಾಮ್ (3200ಕ್ಕೇ ಓಡ್ತಿದೆ, ನೋಡಿದೀನಿ), ಜಿಟಿಎಕ್ಸ್ 1660 ಸೂಪರ್, 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ, 450 ವ್ಯಾಟ್ ಎಸ್‌ಎಂಪಿಎಸ್ (ಪವರ್ ಸಪ್ಲೈ), 1080ಪಿ 75 ಹರ್ಟ್ಜ್ ಮಾನಿಟರ್.

ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020 ಹೇಗೋ ನಡೀತಿತ್ತು. 2024ಕ್ಕೆ ಬಂದ್ಮೇಲೆ ಏದುಸಿರು ಬಿಡ್ತಿದೆ. ಮೂವತ್ತು ಸಾವಿರ ಅಡಿ ಮೇಲೆ 45 ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್ ಅಂತ) ಬರುತ್ತೆ. ಆದ್ರೆ ಕೆಂಪೇಗೌಡ ಏರ್‌ಪೋರ್ಟ್‌ನಲ್ಲಿ ಗೇಟ್ ಹತ್ರ ನಿಂತಿದ್ರೆ 22-24 ಅಷ್ಟೆ. ಇಳಿಯೋವಾಗ, ರನ್‌ವೇ ಇನ್ನೇನು ಬಂತು ಅನ್ನೋ ಹೊತ್ತಿಗೆ ಸರಿಯಾಗಿ ತಡವರಿಸುತ್ತೆ, ವಿಮಾನ ಧಡಾರ್ ಅಂತ ಕೂರುತ್ತೆ. ಹಾರಿಸೋದು ಫ್ರೀ ಸಿಗೋ ಫ್ಲೈಬೈವೈರ್ ಎ320.

ಬಜೆಟ್ 50 ಸಾವಿರ. ಇದಕ್ಕಿಂತ ಜಾಸ್ತಿ ಮನೇಲಿ ಕೇಳೋ ಧೈರ್ಯ ಇಲ್ಲ. ಮೊದಲು ಯಾವುದು ಬದಲಿಸ್ಲಿ?

ಗೇಮಿಂಗ್_ಗುರು

ಇದೂ ಒಂದು ಪ್ರಶ್ನೆನಾ ಮಗಾ? 1660 ಸೂಪರ್ 2019ರ ಕಾರ್ಡು. 6 ಜಿಬಿ ಮೆಮೊರಿ, ಡಿಎಲ್‌ಎಸ್‌ಎಸ್ (ಎಐ ಬಳಸಿ ಎಫ್‌ಪಿಎಸ್ ಏರಿಸೋ ಎನ್‌ವಿಡಿಯಾ ತಂತ್ರ) ಇಲ್ಲ, ಏನೂ ಇಲ್ಲ. 50 ಸಾವಿರವನ್ನೂ ಗ್ರಾಫಿಕ್ಸ್ ಕಾರ್ಡಿಗೆ ಸುರಿ. ಥ್ರೆಡ್ ಕ್ಲೋಸ್.

ಹುಬ್ಬಳ್ಳಿ_ಹೆಲಿ

ಗುರುಗಳೇ, ಥ್ರೆಡ್ ಕ್ಲೋಸ್ ಮಾಡೂದಕ್ಕ ಅವಸರ ಬ್ಯಾಡ್ರಿ. ಅವರು ಬರದಿದ್ದು ಓದೀರೇನು? ಮ್ಯಾಲ 45, ಕೆಳಗ 22. ಕಾರ್ಡ್ ಸಾಲದs ಇದ್ದಿದ್ರ ಮೋಡ ತುಂಬಿದ ಆಕಾಶದಾಗೂ ಕುಂಟಬೇಕಿತ್ತು. ಏರ್‌ಪೋರ್ಟ್‌ನ್ಯಾಗ ಅಷ್ಟs ಬೀಳತೈತಿ ಅಂದ್ರ ಬಹಳ ಮಾಡಿ ಪ್ರೊಸೆಸರ್ ಸಮಸ್ಯಾ.

ತುಮಕೂರಿನವರ, ಊಹೆ ಮ್ಯಾಲ ರೊಕ್ಕ ಹಾಕಬ್ಯಾಡ್ರಿ. ಆಟದ ಸೆಟ್ಟಿಂಗ್ಸ್‌ನ್ಯಾಗ ಡೆವಲಪರ್ ಮೋಡ್ ಆನ್ ಮಾಡ್ರಿ. ಮ್ಯಾಲ ಒಂದು ಮೆನು ಬರತೈತಿ, ಅದರಾಗ ಎಫ್‌ಪಿಎಸ್ ತೋರಿಸೂ ಆಯ್ಕೆ ಐತಿ. ‘ಲಿಮಿಟೆಡ್ ಬೈ ಮೇನ್‌ಥ್ರೆಡ್’ ಅಂತ ತೋರಿಸಿದ್ರ ಪ್ರೊಸೆಸರ್, ‘ಲಿಮಿಟೆಡ್ ಬೈ ಜಿಪಿಯು’ ಅಂದ್ರ ಕಾರ್ಡ್. ಗೇಟ್‌ನ್ಯಾಗ ಒಮ್ಮೆ, ಮ್ಯಾಲ ಒಮ್ಮೆ, ಇಳಿಯೂ ಮುಂದ ಒಮ್ಮೆ ನೋಡ್ರಿ.

ಇನ್ನೊಂದು ಪರೀಕ್ಷಾ: ಗೇಟ್‌ನ್ಯಾಗ ನಿಂತು ರೆಂಡರ್ ಸ್ಕೇಲಿಂಗ್ (ಕಾರ್ಡ್ ಚಿತ್ರ ಬಿಡಸೂ ಸೈಜು) 100ರಿಂದ 50ಕ್ಕ ಇಳಿಸ್ರಿ. ಚಿತ್ರ ಮಸುಕಾಗಿ ಎಫ್‌ಪಿಎಸ್ ಏರಿದ್ರ ಕಾರ್ಡ್ ದುಡ್ಡು ಕೇಳಾಕತ್ತೈತಿ. ಚಿತ್ರ ಮಸುಕಾಗಿ ಎಫ್‌ಪಿಎಸ್ ಅಲ್ಲೇ ಕುಂತ್ರ ಎಂಥಾ ಕಾರ್ಡ್ ತಂದ್ರೂ ಗೇಟ್‌ನ್ಯಾಗ ಅಷ್ಟs.

ಸುಮ್ನೆ_ಬಂದೆ

ಪಾಪ್‌ಕಾರ್ನ್ ತಗೊಂಡು ಕೂತೆ.

ಎಕ್ಸ್‌ಪ್ಲೇನ್_ಅಭಿಮಾನಿ

50 ಸಾವಿರ ಉಳಿಸಿ. ಎಕ್ಸ್‌ಪ್ಲೇನ್ 12 ಅನ್ನೋ ಬೇರೆ ಸಿಮ್ ತಗೊಳ್ಳಿ. ಇಂಟರ್ನೆಟ್ ಇಲ್ಲದೆ ಓಡುತ್ತೆ, ಲಿನಕ್ಸ್‌ನಲ್ಲೂ ಓಡುತ್ತೆ, ಹಾರಾಟ ಹಾರಾಟದ ಥರ ಇರುತ್ತೆ.

ಗೇಮಿಂಗ್_ಗುರು

ಬಂದ್ರಪ್ಪ. ಹೊಸ ಪ್ರೊಸೆಸರ್ ಯಾವುದು ಅಂತ ಕೇಳಿದ್ರೂ ಇವರು ಎಕ್ಸ್‌ಪ್ಲೇನ್ ಅಂತಾರೆ, ಇವತ್ತು ಮಳೆ ಬರುತ್ತಾ ಅಂತ ಕೇಳಿದ್ರೂ ಎಕ್ಸ್‌ಪ್ಲೇನ್ ಅಂತಾರೆ.

ಎಕ್ಸ್‌ಪ್ಲೇನ್_ಅಭಿಮಾನಿ

ಮಳೆ ಬಂದ್ರೆ ವಿಂಡ್‌ಶೀಲ್ಡ್ ಮೇಲೆ ಹನಿ ಸರಿಯಾಗಿ ಜಾರುತ್ತೆ ಸ್ವಾಮಿ ನಮ್ದರಲ್ಲಿ.

ತುಮಕೂರು_ಟೇಕಾಫ್

ಹುಬ್ಬಳ್ಳಿ ಸರ್ ಹೇಳಿದ್ದು ಮಾಡಿ ನೋಡಿದೆ.

ಗೇಟ್‌ನಲ್ಲಿ: ಮೇನ್‌ಥ್ರೆಡ್. ರೆಂಡರ್ ಸ್ಕೇಲಿಂಗ್ 50ಕ್ಕೆ ಇಳಿಸಿದ್ರೆ 23 ಇದ್ದಿದ್ದು 24 ಆಯ್ತು, ಅಷ್ಟೆ. ಮೇಲೆ ಮೋಡದ ನಡುವೆ: ಜಿಪಿಯು. ಇಳಿಯೋವಾಗ: ಮೇನ್‌ಥ್ರೆಡ್, ನಡುನಡುವೆ ಕೆಂಪು ಗೆರೆ ಮೇಲಕ್ಕೆ ಚಿಮ್ಮುತ್ತೆ.

ನಂದೊಂದು ಪ್ರಶ್ನೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಪ್ರೊಸೆಸರ್ 45% ಅಂತ ತೋರಿಸುತ್ತೆ. ಅರ್ಧಕ್ಕರ್ಧ ಖಾಲಿ ಇದ್ರೂ ಅದೇ ಹೇಗೆ ಅಡ್ಡಿ ಆಗುತ್ತೆ?

ಹುಬ್ಬಳ್ಳಿ_ಹೆಲಿ

ಮದುವಿ ಮನ್ಯಾಗ ಬಡಸಾಕ ಹನ್ನೆರಡು ಮಂದಿ ನಿಂತಿರ್ತಾರ, ಆದ್ರ ಒಲಿ ಮುಂದ ಭಟ್ರು ಒಬ್ಬರs. ಅವರು ಸಾರು ಇಳಸೂತನಕ ಉಳಿದವರು ಸೌಟು ಹಿಡಕೊಂಡು ನಿಲ್ಲೂದs. ನಿಮ್ಮ 3600ಕ್ಕ 6 ಕೋರ್, 12 ಥ್ರೆಡ್. ಟಾಸ್ಕ್ ಮ್ಯಾನೇಜರ್ ಹನ್ನೆರಡರ ಸರಾಸರಿ ತೋರಸತೈತಿ. ಆದ್ರ ವಿಮಾನದ ಲೆಕ್ಕ, ಕಾಕ್‌ಪಿಟ್ ಪರದೆ, ಸುತ್ತಲಿನ ಟ್ರಾಫಿಕ್, ಯಾವ ಕಟ್ಟಡ ಎಲ್ಲಿ ಅನ್ನೂದು, ಇವೆಲ್ಲಾ ಹೆಚ್ಚುಕಡಿಮಿ ಒಂದs ಥ್ರೆಡ್ ಮ್ಯಾಲ ಬೀಳತಾವು. ಅದಕ್ಕs 16 ಕೋರ್ ಪ್ರೊಸೆಸರ್ ತಂದ್ರೂ ಈ ಆಟಕ್ಕ ಅಷ್ಟೇನೂ ಉಪಯೋಗ ಇಲ್ಲ. ಒಂದು ಕೋರ್ ಎಷ್ಟು ಚುರುಕು, ಅದರ ಹತ್ರ ಕ್ಯಾಶ್ (ಪ್ರೊಸೆಸರ್ ಒಳಗಿನ ಚುರುಕು ಮೆಮೊರಿ) ಎಷ್ಟು, ಇವೆರಡs ಮುಖ್ಯ.

ಅದರ ಸಲುವಾಗೇ ಸಿಮ್ ಮಂದಿ ಎಕ್ಸ್3ಡಿ ಎಕ್ಸ್3ಡಿ (ಎಎಂಡಿಯ ಹೆಚ್ಚು ಕ್ಯಾಶ್ ಇರೂ ಪ್ರೊಸೆಸರ್) ಅಂತ ಬಡಕೊಳ್ಳೂದು. 5800ಎಕ್ಸ್3ಡಿ 2022ರ ಏಪ್ರಿಲ್‌ನ್ಯಾಗ ಬಂತು. ಅದಕ್ಕ 96 ಎಂಬಿ ಎಲ್3 ಕ್ಯಾಶ್. ನಿಮ್ಮ 3600ಕ್ಕ 32, ಅದೂ 16-16 ಅಂತ ಎರಡು ತುಂಡು. ಈ ಆಟ ಮೆಮೊರಿಯಾಗ ಅಲ್ಲೊಂದು ಇಲ್ಲೊಂದು ಹುಡಕತಿರತೈತಿ. ಬೇಕಾದ್ದು ಕ್ಯಾಶ್‌ನ್ಯಾಗs ಸಿಕ್ಕರ ರ್‍ಯಾಮ್‌ತನಕ ಓಡೂದು ತಪ್ಪತೈತಿ. ತಮ್ಮನಂಥಾ 5700ಎಕ್ಸ್3ಡಿ 2024ರಾಗ ಬಂತು, ಗಿಗಾಹರ್ಟ್ಜ್ ಸ್ವಲ್ಪ ಕಡಿಮಿ, ಕ್ಯಾಶ್ ಅಷ್ಟs. ಎರಡೂ ನಿಮ್ಮ ಎಎಂ4 (ಪ್ರೊಸೆಸರ್ ಕೂಡೂ ಸಾಕೆಟ್ ಹೆಸರು) ಬೋರ್ಡ್‌ಗs ಕೂಡತಾವು.

ಗೇಮಿಂಗ್_ಗುರು

ಸರಿ, ಮೇನ್‌ಥ್ರೆಡ್ ಅಂತಾನೇ ಇಟ್ಕೊಳ್ಳೋಣ. ಆದ್ರೂ ನನ್ನ ಮಾತು ವಾಪಸ್ ತಗೊಳಲ್ಲ. ಫ್ರೇಮ್ ಜನರೇಷನ್ ಅಂತ ಒಂದಿದೆ. ಎರಡು ಫ್ರೇಮ್ ನಡುವಿನದನ್ನ ಕಾರ್ಡೇ ಸೃಷ್ಟಿ ಮಾಡುತ್ತೆ, ಮೇನ್‌ಥ್ರೆಡ್‌ನ ಕೇಳೋದೇ ಇಲ್ಲ. ಅಂದ್ರೆ ಪ್ರೊಸೆಸರ್ ಕುಂಟಿದಾಗಲೇ ಅದರ ಲಾಭ ಜಾಸ್ತಿ. ಎನ್‌ವಿಡಿಯಾದ ಸ್ವಂತದ್ದೇ ಬೇಕಂದ್ರೆ 40ರ ಸರಣಿಯಿಂದ ಮೇಲಿನ ಕಾರ್ಡ್ ಬೇಕು. ಇದು ಗುಂಡು ಹಾರಿಸೋ ಆಟ ಅಲ್ಲ, ಒಂದಿಷ್ಟು ಮಿಲಿಸೆಕೆಂಡ್ ತಡ ಆದ್ರೆ ಏರ್‌ಬಸ್‌ಗೆ ಏನೂ ಆಗಲ್ಲ. ಉತ್ತರ ಕೊಡಿ ಹುಬ್ಬಳ್ಳಿಯವರೇ.

ಹುಬ್ಬಳ್ಳಿ_ಹೆಲಿ

ಮಾತು ಸುಳ್ಳಲ್ಲ, ಈ ಒಂದು ಆಟಕ್ಕ ಫ್ರೇಮ್ ಜನರೇಷನ್ ಭಾಳ ಚಲೋ ಹೊಂದತೈತಿ. ಆದ್ರ ಅದಕ್ಕ ಅಡಿಪಾಯ ಬೇಕ್ರಿ. 35-40 ಇದ್ದಲ್ಲಿ ಹಾಕಿದ್ರ ಬೆಣ್ಣಿ. 22ರ ಮ್ಯಾಲ ಹಾಕಿದ್ರ ಸಂಖ್ಯಾ 44 ಕಾಣತೈತಿ, ಕಾಕ್‌ಪಿಟ್ ಪರದೆಯ ಅಂಕಿ ಹಿಂದ ನೆರಳು ಎಳೀತಾವು. ಮತ್ತ ಅವರ ಕಂಪ್ಲೇಂಟ್ ಸರಾಸರಿದಲ್ಲ, ಇಳಿಯೂ ಮುಂದ ಗಕ್ಕನ ನಿಲ್ಲೂದರದು. ಅರ್ಧ ಸೆಕೆಂಡ್ ಮೇನ್‌ಥ್ರೆಡ್ ನಿಂತ್ರ ನಡುವ ತುಂಬಾಕ ಕಾರ್ಡ್ ಹತ್ರ ಏನೈತಿ?

ಕರಾವಳಿ_ಕ್ಯಾಪ್ಟನ್

ನೀವಿಬ್ಬರೂ ಜಗಳ ಮಾಡುವಾಗ ಒಂದು ವಿಷಯ ಬಿಟ್ಟೇ ಹೋಯ್ತು ಮಾರಾಯ್ರೆ. ಇಳಿಯುವಾಗ ನಿಲ್ಲುದಕ್ಕೆ ಇಂಟರ್ನೆಟ್ ಕೂಡ ಕಾರಣ ಆಗ್ತದೆ. 2020 ಇನ್‌ಸ್ಟಾಲ್ ಮಾಡ್ಲಿಕ್ಕೆ 150 ಜಿಬಿ ಜಾಗ ಬೇಕಿತ್ತು, 2024ಕ್ಕೆ 50 ಜಿಬಿ ಸಾಕು ಅಂತ ಎಲ್ಲ ಖುಷಿ ಪಟ್ರು. ಉಳಿದದ್ದು ಎಲ್ಲಿ ಹೋಯ್ತು? ಎಲ್ಲ ಹಾರುವಾಗ ಲೈನ್‌ನಲ್ಲಿ ಇಳಿದು ಬರ್ಬೇಕು. ಅವರೇ ಹೇಳಿದ ಪ್ರಕಾರ ಕನಿಷ್ಠ 10 ಎಂಬಿಪಿಎಸ್, ಆರಾಮಕ್ಕೆ 50, ಇನ್ನೂ ಚಂದಕ್ಕೆ 100.

ನನಗೆ ಬಜ್ಪೆಯಲ್ಲಿ ಇಳಿಯುದೇ ಚಟ. ಗುಡ್ಡದ ತಲೆ ಮೇಲೆ ರನ್‌ವೇ, ಎರಡೂ ಕಡೆ ಕಣಿವೆ. ಕೊನೆಯ ಎರಡು ಮೈಲಿಯಲ್ಲಿ ಯಾವಾಗಲೂ ಗಕ್ ಅಂತ ನಿಲ್ತಿತ್ತು. ವೈಫೈ ಬಿಟ್ಟು ಲ್ಯಾನ್ ಕೇಬಲ್ ಹಾಕಿದೆ, ರೋಲಿಂಗ್ ಕ್ಯಾಶ್ (ಇಳಿದು ಬಂದದ್ದನ್ನು ಉಳಿಸಿಡುವ ಜಾಗ) ಎನ್‌ವಿಎಂಇಯಲ್ಲಿ ದೊಡ್ಡದು ಮಾಡಿ ಇಟ್ಟೆ. ಒಮ್ಮೆ ಹೋದ ಊರಿಗೆ ಮತ್ತೆ ಹೋಗುವಾಗ ಈಗ ಕಿರಿಕಿರಿ ಇಲ್ಲ. ಖರ್ಚು ಒಂದು ಕೇಬಲ್‌ದು.

ನಿಮ್ಮ ಮನೆಯಲ್ಲಿ ಎಂತ ಕನೆಕ್ಷನ್ ಉಂಟು?

ತುಮಕೂರು_ಟೇಕಾಫ್

ಫೈಬರ್, 100ರ ಪ್ಲ್ಯಾನ್. ಆದ್ರೆ ರೂಟರ್ ಹಾಲ್‌ನಲ್ಲಿ, ನಾನು ಮಹಡಿ ಮೇಲೆ. ವೈಫೈ.

ಕರಾವಳಿ_ಕ್ಯಾಪ್ಟನ್

ಮೊದಲು ಕೇಬಲ್ ಎಳೆಯಿರಿ. ಆಮೇಲೆ 50 ಸಾವಿರದ ಮಾತು.

ಹಳೇ_ಹದ್ದು

ಈ ಥ್ರೆಡ್ ಓದಿ ಹಳೆಯದೆಲ್ಲ ನೆನಪಾಯಿತು. 1982ರಲ್ಲಿ ಬ್ರೂಸ್ ಆರ್ಟ್‌ವಿಕ್ ಮಾಡಿದ ಮೊದಲ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 4.77 ಮೆಗಾಹರ್ಟ್ಜ್‌ನ ಐಬಿಎಂ ಪಿಸಿಯಲ್ಲಿ ಓಡಿತು. ನಾಲ್ಕು ಗೆರೆ ಎಳೆದರೆ ಅದೇ ರನ್‌ವೇ. ನಮ್ಮ ಕಾಲದ ಯಮ ಅಂದರೆ 2006ರ ಎಫ್‌ಎಸ್‌ಎಕ್ಸ್ (ಫ್ಲೈಟ್ ಸಿಮ್ಯುಲೇಟರ್ ಎಕ್ಸ್). 32 ಬಿಟ್ ಪ್ರೋಗ್ರಾಂ, ಎಷ್ಟೇ ರ್‍ಯಾಮ್ ಹಾಕಿದರೂ 4 ಜಿಬಿಗಿಂತ ಹೆಚ್ಚು ಮುಟ್ಟುತ್ತಿರಲಿಲ್ಲ. ಲಂಡನ್‌ಗೆ ಎಂಟು ಗಂಟೆ ಹಾರಿಸಿಕೊಂಡು ಹೋಗಿ, ಹೀಥ್ರೂ ರನ್‌ವೇ ಕಣ್ಣಿಗೆ ಬಿದ್ದ ಹೊತ್ತಿಗೆ ‘ಔಟ್ ಆಫ್ ಮೆಮೊರಿ’ ಅಂತ ಡಿಂಗ್ ಎಂದು ಸದ್ದು ಮಾಡಿ ಮುಚ್ಚಿಕೊಳ್ಳುತ್ತಿತ್ತು. ಅದಕ್ಕೂ ಆಗ ಜನ ಹೊಸ ಗ್ರಾಫಿಕ್ಸ್ ಕಾರ್ಡ್ ಕೊಂಡರು, ಏನೂ ಆಗಲಿಲ್ಲ. ಎಫ್‌ಎಸ್‌ಎಕ್ಸ್ ಕೂಡ ಒಂದೇ ಕೋರ್ ಹಿಂಡುವ ಪೈಕಿ.

ಸುಮ್ನೆ_ಬಂದೆ

ಮೀಗ್ಸ್ ಫೀಲ್ಡ್‌ನಿಂದ ಟೇಕಾಫ್ ಮಾಡಿದವರು ಕೈ ಎತ್ತಿ.

ಹಳೇ_ಹದ್ದು

ಎರಡೂ ಕೈ. ಶಿಕಾಗೋದಲ್ಲಿ ಮಿಷಿಗನ್ ಸರೋವರದ ದಡದ ಆ ಪುಟ್ಟ ಏರ್‌ಪೋರ್ಟಿನಲ್ಲೇ ಆಟ ಶುರುವಾಗುತ್ತಿದ್ದದ್ದು. 2003ರಲ್ಲಿ ಮೇಯರ್ ರಾತ್ರೋರಾತ್ರಿ ಬುಲ್ಡೋಜರ್ ಕಳಿಸಿ ರನ್‌ವೇ ಅಗೆಸಿಬಿಟ್ಟರು. ಅಮೆರಿಕಕ್ಕೆ ಕಾಲಿಡದ ನಮಗೂ ಹೊಟ್ಟೆ ಉರಿದಿತ್ತು.

ಜಕ್ಕೂರು_ಕೆಡೆಟ್

ನಾನು ನಿಜವಾದ ವಿಮಾನದಲ್ಲಿ ತರಬೇತಿಯಲ್ಲಿದ್ದೇನೆ. ಮನೆಯಲ್ಲಿ ಆಡಿದ ಗಂಟೆಗಳು ಲಾಗ್‌ಬುಕ್‌ಗೆ ಬರುವುದಿಲ್ಲ, ಅದು ಬೇರೆ ಮಾತು. ಆದರೆ ಚೆಕ್‌ಲಿಸ್ಟ್, ರೇಡಿಯೋ, ಸರ್ಕ್ಯೂಟ್ ಅಭ್ಯಾಸಕ್ಕೆ ತುಂಬ ಉಪಯೋಗ. ಅದಕ್ಕೆ 60 ಎಫ್‌ಪಿಎಸ್ ಬೇಕಾಗಿಯೇ ಇಲ್ಲ ಸರ್. ಏರುಪೇರಿಲ್ಲದ 30 ಇದ್ದರೆ ಸಾಕು. 25ರಿಂದ 60ಕ್ಕೆ, 60ರಿಂದ 25ಕ್ಕೆ ಜಿಗಿಯುವುದೇ ಫ್ಲೇರ್ (ನೆಲ ಮುಟ್ಟುವ ಮುನ್ನ ಮೂಗು ಎತ್ತುವುದು) ಹಾಳು ಮಾಡುವುದು. ಮೂಗು ಎಷ್ಟು ಎತ್ತಿದೆ ಎಂದು ಕಣ್ಣಿಗೆ ತಿಳಿಯುವ ಮೊದಲೇ ಚಕ್ರ ನೆಲಕ್ಕೆ ಬಡಿದಿರುತ್ತದೆ.

ಕಾರ್ಡಿಗೆ ಹಾಕುವ ಹಣದಲ್ಲಿ ಸ್ವಲ್ಪ ಉಳಿಸಿ ರಡ್ಡರ್ ಪೆಡಲ್ (ಮೂಗನ್ನು ಎಡ-ಬಲ ತಿರುಗಿಸಲು ಕಾಲಲ್ಲಿ ಒತ್ತುವುದು) ಕೊಂಡರೆ ಲ್ಯಾಂಡಿಂಗ್ ಹೆಚ್ಚು ಸುಧಾರಿಸುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಗೇಮಿಂಗ್_ಗುರು

ಏರ್‌ಬಸ್ ಹಾರಿಸೋನಿಗೆ ಪೆಡಲ್ ಯಾಕೆ? ಜಾಯ್‌ಸ್ಟಿಕ್ ತಿರುಚಿದ್ರೆ ರಡ್ಡರ್.

ಜಕ್ಕೂರು_ಕೆಡೆಟ್

ಅಡ್ಡಗಾಳಿಯಲ್ಲಿ ಒಮ್ಮೆ ಇಳಿಸಿ ನೋಡಿ ಸರ್. ಒಂದೇ ಕೈಯಲ್ಲಿ ಸ್ಟಿಕ್ ಬಲಕ್ಕೆ ಒತ್ತಿ, ಅದೇ ಕೈಯಲ್ಲಿ ಎಡಕ್ಕೆ ತಿರುಚುವುದು ಹೇಗೆ ಎಂದು ನಮಗೂ ಕಲಿಸಿ.

ಸುಮ್ನೆ_ಬಂದೆ

🔥

ಹುಬ್ಬಳ್ಳಿ_ಹೆಲಿ

ಕೆಡೆಟ್ ಸರಿ ಹೇಳ್ಯಾರ. ಈಗ ಬಿಟ್ಟಿ ಉಪಾಯ ಮೊದಲು. ಟೆರೇನ್ ಲೆವೆಲ್ ಆಫ್ ಡೀಟೇಲ್ ಎಷ್ಟೈತಿ? 200 ಇದ್ರ 100ಕ್ಕ ತರ್ರಿ. ಟ್ರಾಫಿಕ್ ಕಡಿಮಿ ಮಾಡ್ರಿ, ನಿಂತ ವಿಮಾನ, ಓಡಾಡೂ ಮಂದಿ, ಗಾಡಿ, ಎಲ್ಲಾ. ಇವು ಮೇನ್‌ಥ್ರೆಡ್ ತಿನ್ನೂ ಐಟಂ. ಮೋಡ, ನೆರಳು, ಆ್ಯಂಟಿ ಏಲಿಯಾಸಿಂಗ್ ಕಾರ್ಡಿನ ಪಾಲು. ಅವನ್ನ ಇಳಿಸಿದ್ರ ಗೇಟ್‌ನ್ಯಾಗ ಏನೂ ಸಿಗೂದಿಲ್ಲ, ಸುಮ್ಮನ ಆಟದ ಚಂದ ಕೆಡತೈತಿ.

ಆಮ್ಯಾಲ ಮಾನಿಟರ್ 75 ಬಿಟ್ಟು 60 ಹರ್ಟ್ಜ್‌ಗೆ ಹಾಕಿ, ಎಫ್‌ಪಿಎಸ್ 30ಕ್ಕ ಲಾಕ್ ಮಾಡ್ರಿ. 75ಕ್ಕ 30 ಸರಿಯಾಗಿ ಭಾಗ ಆಗೂದಿಲ್ಲ, ಅಲ್ಲೊಂದು ಫ್ರೇಮ್ ಉದ್ದ, ಇಲ್ಲೊಂದು ಗಿಡ್ಡ ಬರತೈತಿ.

ಮ್ಯೂನಿಕ್_ಮೈಸೂರಿಗ

ವಿಆರ್ ಹಾಕೋ ಯೋಚನೆ ಇದ್ರೆ ಮಾತ್ರ ಮೇಲಿನದೆಲ್ಲ ತಲೆಕೆಳಗು. ಎರಡು ಕಣ್ಣಿಗೆ ಎರಡು ಚಿತ್ರ, ಕಾರ್ಡ್ ಬೆವರು ಸುರಿಸುತ್ತೆ. ಆದ್ರೆ 50 ಸಾವಿರದಲ್ಲಿ ಆ ಕಡೆ ತಲೆ ಹಾಕಬೇಡಿ. ವೆಬ್‌ಕ್ಯಾಮ್ ಇದ್ರೆ ಓಪನ್‌ಟ್ರ್ಯಾಕ್ ಹಾಕ್ಕೊಳ್ಳಿ, ಫ್ರೀ. ತಲೆ ತಿರುಗಿಸಿದ ಕಡೆ ಕಾಕ್‌ಪಿಟ್ ತಿರುಗುತ್ತೆ.

ತುಮಕೂರು_ಟೇಕಾಫ್

ಲ್ಯಾನ್ ಕೇಬಲ್ ಎಳೆದೆ (ಅಮ್ಮ ಮೆಟ್ಟಿಲ ಮೇಲೆ ಕೇಬಲ್ ನೋಡಿ ಇನ್ನೂ ಮಾತಾಡ್ತಿಲ್ಲ). ಡೀಟೇಲ್ 200 ಇತ್ತು, 100 ಮಾಡಿದೆ. ಟ್ರಾಫಿಕ್ ಇಳಿಸಿದೆ. ಗೇಟ್‌ನಲ್ಲಿ ಈಗ 30-31. ಇಳಿಯೋವಾಗ ಗಕ್ ಅನ್ನೋದು ಕಡಿಮೆ ಆಗಿದೆ, ಪೂರ್ತಿ ಹೋಗಿಲ್ಲ. ಸಂಜೆ ಮಳೆ ಹಾಕ್ಕೊಂಡು ಇಳಿದ್ರೆ ಮತ್ತೆ 25.

ರ್‍ಯಾಮ್ 16 ಸಾಕಾ? ಅದರ ಬಗ್ಗೆ ಯಾರೂ ಹೇಳ್ಲಿಲ್ಲ.

ಎಸ್‌ಪಿ_ರೋಡ್_ಸಂಚಾರಿ

ಸಾಲದು. 2024ಕ್ಕೆ ಅವರೇ ಕೊಟ್ಟಿರೋ ಪಟ್ಟಿಯಲ್ಲಿ ಕನಿಷ್ಠ 16, ಶಿಫಾರಸು 32, ಐಡಿಯಲ್ ಅಂತ 64. ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಪುಟಕ್ಕೆ ಹೋಗಿ ‘ಕಮಿಟೆಡ್’ ಅಂತ ಇರೋದು ನೋಡಿ. ಅದು 16 ದಾಟಿ ಇಪ್ಪತ್ತೈದರ ಹತ್ರ ಇದ್ರೆ ಉಳಿದದ್ದರಲ್ಲಿ ಒಂದಿಷ್ಟು ಎಸ್‌ಎಸ್‌ಡಿ ಮೇಲೆ ಹೋಗಿ ಬರ್ತಿರಬಹುದು. ನಿಮ್ಮ ಉಳಿದ ಗಕ್ ಅದೇ ಇರಬಹುದು.

ಆದ್ರೆ ರ್‍ಯಾಮ್ ರೇಟ್ ಕೇಳಿದ್ರೆ ತಲೆ ತಿರುಗುತ್ತೆ ಈಗ. ಎಐ ಸರ್ವರ್‌ಗಳಿಗೆ ಅಂತ ಚಿಪ್ ಎಲ್ಲ ಆ ಕಡೆ ಹೋಗಿ ಡಿಡಿಆರ್4, ಡಿಡಿಆರ್5 ಎರಡೂ ಏರಿ ಕೂತಿವೆ. ಸೆಕೆಂಡ್ ಹ್ಯಾಂಡ್ 8+8 ಜೋಡಿ ಹುಡುಕಿ, ಖಾಲಿ ಇರೋ ಎರಡು ಸ್ಲಾಟ್‌ಗೆ ಹಾಕಿ. ನಾಲ್ಕು ಸ್ಟಿಕ್ ಆದಾಗ 3200ಕ್ಕೆ ಓಡದೆ ಹಟ ಮಾಡಿದ್ರೆ 3000ಕ್ಕೆ ಇಳಿಸಿ.

ಗೇಮಿಂಗ್_ಗುರು

ಹಳೇ ಎಎಂ4ಗೆ ಇಷ್ಟು ದುಡ್ಡು ಸುರಿಯೋ ಬದಲು ಎಎಂ5ಗೆ ಹೋಗೋದು ಬುದ್ಧಿವಂತಿಕೆ ಅಲ್ವಾ? 7600 ಹಾಕಿ ಶುರು ಮಾಡಿದ್ರೆ ಮುಂದೆ 9800ಎಕ್ಸ್3ಡಿ ತನಕ ದಾರಿ ಇದೆ.

ಎಸ್‌ಪಿ_ರೋಡ್_ಸಂಚಾರಿ

ಬೋರ್ಡ್, ಪ್ರೊಸೆಸರ್, 32 ಜಿಬಿ ಡಿಡಿಆರ್5 ಮೂರೂ ತಗೊಂಡ್ರೆ ಅವರ 50 ಸಾವಿರ ಅಲ್ಲೇ ಮುಗೀತು. 1660 ಸೂಪರ್ ಹಾಗೇ ಉಳೀತು. ರ್‍ಯಾಮ್ ಅಗ್ಗ ಇದ್ದಿದ್ರೆ ನಾನೂ ಅದನ್ನೇ ಹೇಳ್ತಿದ್ದೆ.

ಹುಬ್ಬಳ್ಳಿ_ಹೆಲಿ

ನನ್ನ ಲೆಕ್ಕ: ಸೆಕೆಂಡ್ ಹ್ಯಾಂಡ್ 5700ಎಕ್ಸ್3ಡಿ, ಒಂದು ಚಲೋ ಟವರ್ ಕೂಲರ್, ಇನ್ನೊಂದು 16 ಜಿಬಿ. ಉಳಿದಿದ್ದು ಕಾರ್ಡಿಗೆ ಕೂಡಿಡ್ರಿ. ಮುಂದ ಕಾರ್ಡ್ ತಗೋಳೂವಾಗ 8 ಜಿಬಿ ಕಡೆ ನೋಡಬ್ಯಾಡ್ರಿ. ಈ ಆಟ 1080ಪಿಯಾಗೂ 8 ಜಿಬಿ ತುಂಬಸತೈತಿ, ತುಂಬಿ ಹೊರಗ ಚೆಲ್ಲಿದ್ರ ಕಾರ್ಡ್‌ಗೂ ಬೋರ್ಡ್‌ಗೂ ನಡುವಿನ ಪಿಸಿಐಇ ದಾರಿಯಾಗ ಹೋಗಿ ಬರಬೇಕು. ಬಿ450ದಾಗ ಪಿಸಿಐಇ 3. ಆರ್‌ಟಿಎಕ್ಸ್ 5060 ಟಿಐ ಅಂಥವು 8 ಲೇನ್ ಅಷ್ಟs ಬಳಸತಾವು, ಹಳೇ ಬೋರ್ಡ್‌ನ್ಯಾಗ ದಾರಿ ಇನ್ನೂ ಇಕ್ಕಟ್ಟು. ಆರ್‌ಎಕ್ಸ್ 9060 ಎಕ್ಸ್‌ಟಿ 16 ಜಿಬಿ 16 ಲೇನ್ ಬಳಸತೈತಿ, 160 ವ್ಯಾಟ್, ಅದರಾಗೂ ಫ್ರೇಮ್ ಜನರೇಷನ್ ಐತಿ.

ಗೇಮಿಂಗ್_ಗುರು

ಅಂದ್ರೆ ಕೊನೆಗೆ ಕಾರ್ಡೂ ಬೇಕು ಅಂತ ಒಪ್ಪಿದ್ರಿ. ನಾನು ಹೇಳಿದ್ದೇ ಅದು.

ಹುಬ್ಬಳ್ಳಿ_ಹೆಲಿ

ನೀವು ಹೇಳಿದ್ದು ‘ಎಲ್ಲಾ ಸುರಿ’ ಅಂತ. ಮ್ಯಾಲ ಹೋಗಿ ಓದ್ರಿ, ಇನ್ನೂ ಅಳಿಸಿಲ್ಲ.

ವೋಲ್ಟೇಜ್_ವೆಂಕಿ

ಎಲ್ಲರೂ ಫ್ರೇಮ್ ಎಣಿಸ್ತಿದೀರ, ಕರೆಂಟ್ ಬಗ್ಗೆ ಒಬ್ರೂ ಮಾತಾಡ್ಲಿಲ್ಲ. ಯುಪಿಎಸ್ ಯಾವುದು? ಸಾಮಾನ್ಯವಾಗಿ ಮನೇಲಿರೋದು 600 ವಿಎ, ಅಂದ್ರೆ ಸುಮಾರು 360 ವ್ಯಾಟ್. ಈಗಿನ ಮಷಿನ್‌ಗೆ ನಡೆಯುತ್ತೆ. ದೊಡ್ಡ ಕಾರ್ಡ್ ಬಂದು, ಮಾನಿಟರ್, ರೂಟರ್ ಎಲ್ಲ ಅದಕ್ಕೇ ಹಾಕಿದ್ರೆ ಕರೆಂಟ್ ಹೋದ ಕ್ಷಣ ಟಪ್ ಅಂತ ಆಫ್. ಹೊಸ ಎಸ್‌ಎಂಪಿಎಸ್‌ಗಳಲ್ಲಿ ಆ್ಯಕ್ಟಿವ್ ಪಿಎಫ್‌ಸಿ ಇರುತ್ತೆ, ಅಗ್ಗದ ಯುಪಿಎಸ್ ಕೊಡೋ ಚೌಕಾಕಾರದ ಅಲೆ ಕೆಲವಕ್ಕೆ ಆಗಿಬರಲ್ಲ. ಕಾರ್ಡ್ ತಗೊಳ್ಳೋ ದಿನಕ್ಕೆ 1000-1100 ವಿಎ ಯುಪಿಎಸ್ ಲೆಕ್ಕವನ್ನೂ ಸೇರಿಸಿ.

450 ವ್ಯಾಟ್ ಎಸ್‌ಎಂಪಿಎಸ್ ಒಳ್ಳೇ ಕಂಪನೀದಾದ್ರೆ 160 ವ್ಯಾಟ್ ಕಾರ್ಡಿಗೆ ಸಾಕು. ಕ್ಯಾಬಿನೆಟ್ ಜೊತೆ ಬಿಟ್ಟಿ ಬಂದಿದ್ದಾದ್ರೆ ಇವತ್ತೇ ಬದಲಿಸಿ.

ತುಮಕೂರು_ಟೇಕಾಫ್

‘ಕಮಿಟೆಡ್’ ನೋಡಿದೆ, 27 ಜಿಬಿ! ಯುಪಿಎಸ್ 600ದೇ. ಎಸ್‌ಎಂಪಿಎಸ್ ಒಳ್ಳೇದು, ಬೇರೆ ಕೊಂಡಿದ್ದು.

ಹಾಗಾದ್ರೆ ಸದ್ಯ ಪ್ರೊಸೆಸರ್, ಕೂಲರ್, ರ್‍ಯಾಮ್. ಕಾರ್ಡ್ ಆಮೇಲೆ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಒಬ್ರ ಹತ್ರ 5700ಎಕ್ಸ್3ಡಿ ಇದೆಯಂತೆ, ಶನಿವಾರ ಬೆಳಿಗ್ಗೆ ರೈಲಿಗೆ ಹೋಗ್ತೀನಿ. ಏನು ನೋಡ್ಕೊಂಡು ತಗೊಳ್ಲಿ?

ಎಸ್‌ಪಿ_ರೋಡ್_ಸಂಚಾರಿ

ಎಎಂ4 ಪ್ರೊಸೆಸರ್‌ನಲ್ಲಿ ಪಿನ್ ಇರೋದು ಪ್ರೊಸೆಸರ್ ತಳದಲ್ಲೇ. ಮೊಬೈಲ್ ಟಾರ್ಚ್ ಹಾಕಿ ನಾಲ್ಕೂ ಕಡೆಯಿಂದ ಓರೆಯಾಗಿ ನೋಡಿ, ಸಾಲು ನೆಟ್ಟಗಿರಬೇಕು. ಒಂದು ಬಾಗಿದ್ರೂ ಬೇಡ. ಮೂಲ ಬಿಲ್ ಇದೆಯಾ ಕೇಳಿ, ವಾರಂಟಿ ಉಳಿದಿದ್ರೆ ಅದರ ಮೇಲೇ ನಿಂತಿರುತ್ತೆ. ಅಂಗಡೀಲೇ ಬೋರ್ಡ್‌ಗೆ ಹಾಕಿ ಆನ್ ಮಾಡಿ ತೋರಿಸಿ ಅನ್ನಿ. ಮುಖ ಸಿಂಡರಿಸಿದ್ರೆ ಪಕ್ಕದ ಅಂಗಡಿ.

ಹುಬ್ಬಳ್ಳಿ_ಹೆಲಿ

ಹೋಗೂಕಿಂತ ಮೊದಲು ಮನ್ಯಾಗ ಹಳೇ 3600 ಇದ್ದಾಗs ಬಯಾಸ್ (ಬೋರ್ಡ್‌ನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡ್ರಿ. ಬೋರ್ಡ್ ಕಂಪನಿ ಸೈಟ್‌ನ್ಯಾಗ ಪ್ರೊಸೆಸರ್ ಪಟ್ಟಿ ಇರತೈತಿ, 5700ಎಕ್ಸ್3ಡಿ ಮುಂದ ಯಾವ ಬಯಾಸ್ ನಂಬರ್ ಐತಿ ಅದನ್ನs ಹಾಕ್ರಿ. ಹೊಸಾದು ಕುಂದ್ರಿಸಿದ ಮ್ಯಾಲ ಹಳೇ ಬಯಾಸ್ ಇದ್ರ ಪರದೆ ಕರ್ರಗೆ, ಏನೂ ಬರೂದಿಲ್ಲ.

ಕೂಲರ್ ಕೀಳೂ ಮುಂದ ಜ್ವಾಕಿ. ಪೇಸ್ಟ್ ಒಣಗಿ ಅಂಟಿರತೈತಿ, ಸೀದಾ ಎಳದ್ರ ಪ್ರೊಸೆಸರ್ ಸಾಕೆಟ್‌ನಿಂದ ಕಿತ್ತು ಬರತೈತಿ, ಪಿನ್ ಗೋವಿಂದ. ಹತ್ತು ನಿಮಿಷ ಆಟ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ, ಪ್ಲಗ್ ತೆಗೆದು, ಎಡಕ್ಕ ಬಲಕ್ಕ ಸಾವಕಾಶ ತಿರುವಿ ಎತ್ತರಿ. ಹಳೇ ಕೂಲರ್ ಹೊಸಾದಕ್ಕ ಹಾಕಬ್ಯಾಡ್ರಿ. ಈ ಪೀಳಿಗೆಯಾಗ ಕ್ಯಾಶ್ ಕೋರ್‌ಗಳ ಮ್ಯಾಲ ಕುಂತಿರತೈತಿ, ಬಿಸಿ ಲಗೂನ ಹೊರಗ ಬರೂದಿಲ್ಲ.

ಎಕ್ಸ್‌ಪ್ಲೇನ್_ಅಭಿಮಾನಿ

ಅಂದ ಹಾಗೆ 5700ಎಕ್ಸ್3ಡಿ ಎಕ್ಸ್‌ಪ್ಲೇನ್‌ಗೂ ತುಂಬ ಒಳ್ಳೇದು. ಡೆಮೋ ಫ್ರೀ. ಹೇಳಿದೆ ಅಷ್ಟೆ.

ಎಸ್‌ಪಿ_ರೋಡ್_ಸಂಚಾರಿ

ತುಮಕೂರಿನವರೇ, ಶನಿವಾರ ತಪ್ಪಿಸಬೇಡಿ, ಭಾನುವಾರ ಬಹುತೇಕ ಅಂಗಡಿ ಮುಚ್ಚಿರುತ್ತೆ. ಬೆಳಿಗ್ಗೆ ಹನ್ನೊಂದಕ್ಕೆ ಮುಂಚೆ ಹೋಗಿಯೂ ಲಾಭ ಇಲ್ಲ, ಶಟರ್ ಎತ್ತಿರಲ್ಲ. ಹೋಗೋ ಮುಂಚೆ ಫೋನ್ ಮಾಡಿ ‘ಎತ್ತಿಡಿ’ ಅಂತ ಹೇಳಿ, ಆದ್ರೆ ಅಡ್ವಾನ್ಸ್ ಮಾತ್ರ ಕಳಿಸಬೇಡಿ.